ಮುಚ್ಚದೆ ಬಿಟ್ಟ ದನಿ

"ಮುಖಾ ಮುಚ್ಚಿದ್ರಿ... ದನಿ ಯಾಕ ಬಿಟ್ರಿ?"

ವಿದ್ಯಾನಗರದ ಕಾಲೇಜಿನ ರೆಕಾರ್ಡಿಂಗ್ ಕೋಣೆಯ ಬಾಗಿಲಲ್ಲಿ ನಿಂತು ಮೈಲಾರಿ ಕೇಳಿದ. ಕಿಟಕಿಗಳಿಗೆಲ್ಲ ಸ್ಪಂಜು ಬಡಿದಿದ್ದ ಆ ಪುಟ್ಟ ಕೋಣೆಯಲ್ಲಿ ದಾಕ್ಷಾಯಿಣಿಗೆ ತನ್ನ ಉಸಿರೇ ದೊಡ್ಡದಾಗಿ ಕೇಳಿಸಿತು.

ಹೊರಹೋಗಲು ಅದೊಂದೇ ದಾರಿ. ಅವಳು ಅತ್ತ ನೋಡಿದ್ದನ್ನು ಕಂಡು ಅವನು ಪಕ್ಕಕ್ಕೆ ಸರಿದ.

ಅವಳು ಹೋಗಲಿಲ್ಲ.

ತಿಂಗಳ ಹಿಂದೆ ಇದೇ ಕೋಣೆಯಲ್ಲಿ, ಕಾಲೇಜಿನ ಮಾದಕ ವ್ಯಸನ ತಡೆ ಅಭಿಯಾನದ ರೀಲ್ ಸ್ಪರ್ಧೆಗಾಗಿ, ತಾನು ಗಾಂಜಾ ಬಿಟ್ಟ ಕಥೆಯನ್ನು ಅವನು ಹೇಳಿದ್ದ. ಗುರುತು ಸಿಗಬಾರದು ಎಂಬುದೊಂದೇ ಷರತ್ತು. ರೀಲ್ ಎಡಿಟ್ ಮಾಡಿದವಳು ಅಲ್ಲಿನ ವಿದ್ಯಾರ್ಥಿನಿ ದಾಕ್ಷಾಯಿಣಿ. ಮುಖ ಮಸುಕು ಮಾಡಿದಳು. ಹೆಸರು ತೆಗೆದಳು. ದನಿಯನ್ನು ಹಾಗೇ ಬಿಟ್ಟಳು.

ಅವನು ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಹರಾಜು ಕೂಗುವವನೆಂದು ಅವಳಿಗೆ ಗೊತ್ತಿರಲಿಲ್ಲ! ಅಲ್ಲಿನ ಜನ ಅವನ ಮುಖಕ್ಕಿಂತ ದನಿಯನ್ನೇ ಹೆಚ್ಚು ಬಲ್ಲರು.

"ರೀಲ್ ನೋಡಿದ ದಿನಾನ ಸಾವಕಾರ್ರು 'ಇನ್ ಬಾಯಿ ಮುಚ್ಚಿ ಚೀಲಾ ಹೊರು' ಅಂದ್ರು. ಹೊರಾಕತ್ತೇನಿ. ಯಾರರೆ ಮಾತಾಡಿಸಿದ್ರ ತಲಿ ಅಷ್ಟ ಆಡಸ್ತೇನಿ. ಬಾಯಿ ತಗದ್ರ ಸಾಕು, 'ಏ ರೀಲ್ ಹೀರೋ, ಒಂದ್ ದಮ್ ಹೊಡಿತಿಯೇನಲೇ?' ಅಂತಾರ."

"ಅಳಿಸಿಬಿಡ್ತೇನ್ರಿ..."

"ಎಲ್ಲಾರ ಮೊಬೈಲ್‌ನ್ಯಾಗೂ ಐತಿ. ಎಷ್ಟಂತ ಅಳಿಸ್ತೀರಿ?"

ಆ ರೀಲಿನ ನಲವತ್ತು ಸೆಕೆಂಡುಗಳೊಳಗೆ ಇಬ್ಬರೂ ಸಿಕ್ಕಿಬಿದ್ದಿದ್ದರು.

"ಬಹುಮಾನ ಬರ್ಲಿ ಅಂತ ಬಿಟ್ರೇನು? ಖರೇ ಹೇಳ್ರಿ."

"ಇಲ್ರಿ!"

ಹೇಳಿದರೆ ಇವನು ಇನ್ನೆಂದೂ ನನ್ನ ಮುಖ ನೋಡಲಾರ... ಹೇಳದಿದ್ದರೆ ಈ ಕೋಣೆಯಿಂದ ನಾನೆಂದೂ ಹೊರಬರಲಾರೆ.

"ದನಿ ಬದಲಿಸಿ ನೋಡಿದೆ. ಮಿಷಿನ್ ಮಾತಾಡಿದಂಗ ಆತು. 'ನಮ್ಮವ್ವನ ಮುಖಾ ನೋಡಾಕ ಆಗ್ತಿರಲಿಲ್ಲ' ಅಂದು ಸುಮ್ಮನಾಗಿದ್ರಿ ನೋಡ್ರಿ... ಅದನ್ನ ಮತ್ತ ಮತ್ತ ಕೇಳಿದೆ. ಕೆಲಸಕ್ಕಲ್ಲ, ನನಗ ಬೇಕಂತ. ಆ ದನಿ ಕೆಡಸಾಕ ಮನಸ್ಸು ಬರಲಿಲ್ಲ. ನನ್ನ ಆಸೆಗೆ ನಿಮ್ಮ ಬಾಯಿ ಮುಚ್ಚಿಸಿದೆ."

ಮೈಲಾರಿ ಒಳಗೆ ಬಂದು ಕ್ಯಾಮೆರಾದ ಮುಂದಿನ ಸ್ಟೂಲಿನ ಮೇಲೆ ಕುಳಿತ.

"ಇನ್ನೊಂದ್ ಮಾಡ್ರಿ. ಮುಖಾ ಮುಚ್ಚಬ್ಯಾಡ್ರಿ. ಚಟದಾಗ ಇದ್ದವರು ಆ ಮುಚ್ಚಿದ ಮುಖಾ ನೋಡಿದ್ರ, ಬಿಟ್ಟ ಮ್ಯಾಲೂ ಕಳ್ಳರಂಗ ಬದುಕಬೇಕು ಅನಕೋತಾರ."

"ಸಾವಕಾರ್ರು ಕೂಗಾಕ ಕರೀದಿದ್ರ?"

"ಚೀಲಾನ ಹೊರ್ತೇನಿ. ಮಾತಾಡ್ಕೋತ ಹೊರ್ತೇನಿ."

ಅವಳು ಕ್ಯಾಮೆರಾ ಆನ್ ಮಾಡಿದಳು. ಇನ್ನೊಂದು ಸ್ಟೂಲು ಎಳೆದು, ಎಂದೂ ಕ್ಯಾಮೆರಾದ ಮುಂದೆ ಬಾರದವಳು, ಅವನ ಪಕ್ಕದಲ್ಲಿ ಕುಳಿತಳು.

"ಇದೇನ್ರಿ?"

"ತಪ್ಪು ಯಾರದು ಅಂತ ನಾನೂ ಹೇಳಬೇಕಲ್ರಿ."

"ಆಸೆ ಅಂದ್ರಲ್ಲ... ಅದನ್ನೂ ಹೇಳವರೇನು?"

ದಾಕ್ಷಾಯಿಣಿ ಕೆಂಪು ದೀಪವನ್ನು ನೋಡಿದಳು. ಎದ್ದು ಹೋಗಿ ಕ್ಯಾಮೆರಾ ಆರಿಸಿ ಬಂದಳು.

"ಅದು ನಿಮಗಷ್ಟ. ಆದ್ರ ಮೊದಲ ನೀವು ಏನರೆ ಮಾತಾಡ್ರಿ... ಕೇಳಬೇಕು ಅನ್ನಸಾಕತ್ತೈತಿ."

"ಏನ ಮಾತಾಡ್ಲಿ?"

"ನನ್ನ ಹೆಸರು ಹೇಳ್ರಿ."

ಇಷ್ಟು ದಿನ ತಡೆದಿಟ್ಟಿದ್ದ ದನಿ ಮೊದಲು ಒಡೆಯಿತು. ಕೆಮ್ಮಿ, ಮತ್ತೆ ಕರೆದ.

"ದಾಕ್ಷಾಯಿಣಿ..."