ಎರಡನೇ ವಯಲಿನ್

ಗಾಬೋರ್ ಸರ್ ಮೇಲಿನ ನನ್ನ ಪ್ರೀತಿ ಒಂದು ಜಗಳದಿಂದ ಶುರುವಾಯಿತು.

"ಎರಡು ವಯಲಿನ್ ಸೇರಿ ನುಡಿಸುವಾಗ ನನಗೆ ಯಾವಾಗಲೂ ಎರಡನೇ ಪಾರ್ಟ್ ಯಾಕೆ? ಟ್ಯೂನ್ ಎಲ್ಲ ನಿಮಗೇ!"

ಕನ್ನಡಕದ ಮೇಲಿಂದ ನೋಡಿ ನಕ್ಕರು. "ಮೊದಲನೆಯವನು ತನ್ನನ್ನೇ ಕೇಳಿಸಿಕೊಳ್ಳುತ್ತಾನೆ, ಫ್ರೀಡಾ. ಎರಡನೆಯವಳು ಇನ್ನೊಬ್ಬರನ್ನು ಕೇಳಲೇಬೇಕು."

ಆ ನೋಟಕ್ಕೆ ನಾನು ಬಿದ್ದೆ. ಹೇಳಲು ನಾಚಿಕೆಯೇನಿಲ್ಲ, ನನಗಾಗಲೇ ನಲವತ್ತೊಂದು.

ಅವರು ಬುಡಾಪೆಸ್ಟ್‌ನಲ್ಲಿ ಆರನೇ ವಯಸ್ಸಿಗೆ ಕಮಾನು ಹಿಡಿದವರು, ಯುರೋಪೆಲ್ಲ ನುಡಿಸಿ ದೋಹಾದ ಆರ್ಕೆಸ್ಟ್ರಾಕ್ಕೆ ಬಂದವರು. ಇಲ್ಲಿ ಅವರ ಎಡಗೈ ಕಿರುಬೆರಳು ಮಡಚಿಕೊಳ್ಳತೊಡಗಿತು. ನರದ ಕಾಯಿಲೆ, ಏರುತ್ತಲೇ ಹೋಗುತ್ತದೆ ಎಂದರು ಡಾಕ್ಟರ್. ಆರ್ಕೆಸ್ಟ್ರಾ ಬಿಟ್ಟು, ನಾನು ರಿಸೆಪ್ಷನಿಸ್ಟ್ ಆಗಿದ್ದ ಮ್ಯೂಸಿಕ್ ಸ್ಕೂಲಿಗೆ ಟೀಚರಾಗಿ ಸೇರಿದರು. ಮಧ್ಯಾಹ್ನ, ಮಕ್ಕಳು ಬರುವ ಮೊದಲು, ನನಗೆ ಪಾಠ. ತಪ್ಪು ನುಡಿಸಿದರೆ ಹುಬ್ಬು ಮಾತ್ರ ಏರುತ್ತಿತ್ತು. ಆ ಹುಬ್ಬು ನೋಡಲೆಂದೇ ನಾನು ಎಷ್ಟೋ ಸಲ ತಪ್ಪಿದ್ದೇನೆ.

ಎರಡು ವರ್ಷದಲ್ಲಿ ಉಂಗುರದ ಬೆರಳೂ ಹೋಯಿತು. ಸ್ಕೂಲಿನವರು ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ. ಕೆಲಸ ಹೋದರೆ ವೀಸಾನೂ ಖಲಾಸ್. ಅವರು ದೇಶ ಬಿಡುವ ಕಾಗದಗಳನ್ನು ಪ್ರಿಂಟ್ ತೆಗೆದವಳೂ ನಾನೇ.

ಕೊನೆಯ ಪಾಠದ ದಿನ ಮೊದಲನೇ ಪಾರ್ಟನ್ನು ನನ್ನ ಸ್ಟ್ಯಾಂಡ್ ಮೇಲಿಟ್ಟರು. "ಇನ್ನು ಇದು ನಿನ್ನದು."

"ಬೇಡ. ನಾನೂ ನಿಮ್ಮ ಜೊತೆ ಬರ್ತೇನೆ."

"ನಾಳೆ ನನ್ನ ಶರ್ಟಿನ ಗುಂಡಿಯನ್ನೂ ನೀನೇ ಹಾಕಬೇಕಾಗುತ್ತದೆ."

"ಹಾಕ್ತೇನೆ."

"ನಿನ್ನನ್ನು ಪ್ರೀತಿಸುತ್ತೇನೆ, ಫ್ರೀಡಾ. ನೀನು ಹಾಗೆ ಗುಂಡಿ ಹಾಕುವುದನ್ನು ನೋಡಲು ನನ್ನಿಂದಾಗದು. ನಿನ್ನ ಕಣ್ಣಲ್ಲಾದರೂ ನಾನು ವಯಲಿನಿಸ್ಟ್ ಆಗಿ ಉಳಿಯಬೇಕು."

ಎಷ್ಟು ಜಂಬ ಈ ಮನುಷ್ಯನಿಗೆ! ಸಿಟ್ಟು ನೆತ್ತಿಗೇರಿತು, ಅಳುವೂ ಬಂತು. ಅವರಿಟ್ಟ ಹಾಳೆ ತೆಗೆದು ಎರಡನೇ ಪಾರ್ಟನ್ನೇ ನುಡಿಸತೊಡಗಿದೆ. ಅವರು ವಯಲಿನ್ ಎತ್ತಲಿಲ್ಲ, ಮೊದಲನೆಯದನ್ನು ಬಾಯಲ್ಲಿ ಗುನುಗಿದರು. ಅರ್ಧದಲ್ಲಿ ಅವರು ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ.

ಅವರ ವಿಮಾನ ಹೊರಟ ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ನಾನು ದೋಹಾದ ಅಬು ಹಮೂರಿನ ಚರ್ಚಿನಲ್ಲಿದ್ದೆ. ಮಾಸ್ ಪೂಜೆಗೆ ಮುಂಚೆ ಹಾಡಿನ ಪ್ರಾಕ್ಟೀಸ್‌ನಲ್ಲಿ ಅದೇ ಎರಡನೇ ಪಾರ್ಟ್ ನುಡಿಸಿದೆ, ಒಬ್ಬಳೇ. ಚರ್ಚಿನ ಹಾಡುಗಾರರ ಕಾಯರ್ ನಡೆಸುವ ವಿಲ್ಫ್ರೆಡ್ ಮುಖ ಕಿವುಚಿದ.

"ಎಂತದು ಮಾರಾಯ್ತಿ ಇದು? ಟ್ಯೂನೇ ಇಲ್ಲ ಅಲ್ವಾ!"

"ಉಂಟು, ವಿಲ್ಫ್ರೆಡ್," ಎಂದೆ. "ನನಗೆ ಕೇಳ್ತದೆ."