ಸದರಿ ನಾಯಿ ಯಾರದು

ಡಿಸೆಂಬರ್ 15, 2025, ಬೆಳಿಗ್ಗೆ ಒಂಬತ್ತೂವರೆ. ಸವಣೂರು ಠಾಣೆಯ ಬಾಗಿಲಿಗೆ ಇಬ್ಬರು ಹೆಂಗಸರು ಬಂದು ನಿಂತಾಗ ಹೊರಗಿನ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಪಿಎಸ್ಐ ಮಾಹೀರಾ ಹಾನಗಲ್ಲಿನಿಂದ ವರ್ಗವಾಗಿ ಬಂದು ತಿಂಗಳಾಗಿತ್ತಷ್ಟೆ. ಈ ಊರು ಅವಳಿಗೆ ಇನ್ನೂ ಅರ್ಧ ನಿದ್ದೆಯಲ್ಲಿ ಕಂಡದ್ದರಂತೆ ಇತ್ತು. ಹಸಿರು ಕತ್ತಲೆ ತುಂಬಿದ ವೀಳ್ಯದೆಲೆ ತೋಟಗಳು, ಕೆರೆಯ ಮೇಲೆ ನಿಂತೇ ಇರುವ ಬಿಳಿ ಹೊಗೆ, ಅದರೊಳಗಿಂದ ದೂರದಲ್ಲಿ ಯಾರೋ ಕೆಮ್ಮಿದ ಸದ್ದು.

ಚಿಕ್ಕವಳ ಹೆಸರು ಗುಲ್ನಾರ. ಬಲಗೈಗೆ ಬ್ಯಾಂಡೇಜು ಸುತ್ತಿತ್ತು. ಜೊತೆಗೆ ಬಂದವಳು ಅವಳ ಅತ್ತೆ ದಾವಲಬಿ.

"ನಾಯಿ ಕಚ್ಚೇತ್ರಿ," ಗುಲ್ನಾರ ಹೇಳಿದಳು.

"ಯಾವಾಗ?"

"ಈ ತಿಂಗಳ ಒಂದನೇ ತಾರೀಖು. ಮಧ್ಯಾಹ್ನ."

"ಇಂಜೆಕ್ಷನ್?"

"ಎಲ್ಲಾ ಮಾಡ್ಯಾರ್ರಿ. ಹೊಲಿಗಿನೂ ಹಾಕ್ಯಾರ. ಹೆಬ್ಬೆರಳು ಮಾತ್ರ ಬಗ್ಗವಲ್ದು."

"ಎಲಿ ಪೆಂಡಿ ಕಟ್ಟಾಕಿ ಮೇಡಂ ಇಕಿ," ದಾವಲಬಿ ನಡುವೆ ಬಂದಳು. "ಹೆಬ್ಬೆರಳಿಲ್ದ ಎಲಿ ಎಣಿಸೋದು ಹೆಂಗ? ಈಗ ಚಾದ ಕಪ್ಪ ಹಿಡಿಯಾಕೂ ಬರಂಗಿಲ್ಲ. ಬಾಯಿ ಒಂದ ನೆಟ್ಟಗ ಐತಿ."

"ಅಮ್ಮಾ, ಸುಮ್ಕ ಕುಂದ್ರು."

ಹೆಡ್ ಕಾನ್‌ಸ್ಟೇಬಲ್ ದಿಲಾವರ ಪೆನ್ನು ತೆಗೆದ. ಗುಲ್ನಾರ ಹೇಳುತ್ತ ಹೋದಳು. ಪರಿಹಾರಕ್ಕೆಂದು ಪುರಸಭೆಗೆ ಅರ್ಜಿ ಕೊಟ್ಟಿದ್ದಳು. ಅದು ಬೀದಿ ನಾಯಿಯಲ್ಲ, ಕಾಲೇಜಿನ ಗುರುರಾಜ ಸರ್ ಮನೆಯ ನಾಯಿ, ಅವರನ್ನೇ ಕೇಳು ಎಂದು ಅಲ್ಲಿ ಹೇಳಿದರು. ಗುರುರಾಜ ಸರ್ ಮನೆಗೆ ಹೋದಳು. ಅದು ನನ್ನದಲ್ಲ, ಪುರಸಭೆಯನ್ನೇ ಕೇಳು ಎಂದು ಅವರು ಬಾಗಿಲು ಹಾಕಿಕೊಂಡರು. ಯಾರ ಮೇಲೆ ದಾವೆ ಹಾಕಬೇಕೆಂದು ತಿಳಿಯದೆ ವಕೀಲರೂ ಕೈಚೆಲ್ಲಿದ್ದರು.

"ಈಗ ನಿನಗ ಏನ್ ಬೇಕು?" ಮಾಹೀರಾ ಕೇಳಿದಳು.

ಗುಲ್ನಾರ ತನ್ನ ಕೈಯನ್ನೇ ನೋಡಿಕೊಂಡಳು. "ಆ ನಾಯಿ ಯಾರದು ಅನ್ನೂದು ಬೇಕ್ರಿ. ಕಾಗದದ ಮ್ಯಾಲ. ಕೈ ಮೊದಲಿನಂಗ ಆಗಲಿಕ್ಕಿಲ್ಲ, ನನಗ ಗೊತ್ತೈತಿ. ಆದ್ರ ಯಾರೂ ಕಚ್ಚೇ ಇಲ್ಲ ಅನ್ನೂವಂಗ ಆಗಬಾರದಲ್ರಿ?"

ಹತ್ತು ಗಂಟೆಗೆ ಎಫ್ಐಆರ್ ದಾಖಲಾಯಿತು. ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯದ ವರ್ತನೆ, ಭಾರತೀಯ ನ್ಯಾಯ ಸಂಹಿತೆ ಕಲಂ 291. ಆರೋಪಿಯ ಹೆಸರಿನ ಜಾಗದಲ್ಲಿ 'ನಾಯಿಯ ಮಾಲೀಕ' ಎಂದಷ್ಟೇ ಬರೆಯಲಾಯಿತು. ಗುಲ್ನಾರ ಎಡಗೈಯಲ್ಲಿ ಸಹಿ ಮಾಡಿದಳು. ಅಕ್ಷರಗಳು ಸಣ್ಣ ಮಕ್ಕಳು ಬರೆದಂತೆ ಬಂದವು.

ಸ್ಥಳ ಪಂಚನಾಮೆ ಜಮಾಲಸಾಬನ ಮಟನ್ ಅಂಗಡಿಯ ಮುಂದೆ. ಗುಲ್ನಾರ ಅಂದು ಮಾಂಸದ ಚೀಲ ಹಿಡಿದು ಮೆಟ್ಟಿಲು ಇಳಿದಿದ್ದಳು. ನಾಯಿ ಚೀಲಕ್ಕೆ ಬಾಯಿ ಹಾಕಿತು, ಅವಳು ಬಿಡಲಿಲ್ಲ. ಚೀಲ ಹಿಡಿದ ಕೈಯೇ ಸಿಕ್ಕಿತು.

"ಕಂದು ಬಣ್ಣದ್ದು. ಒಂದು ಕಿವಿ ಬಾಗೇತಿ," ಜಮಾಲಸಾಬ ಹೇಳಿದ. "ಬಾಳ ಸಭ್ಯ ನಾಯಿರಿ ಅದು. ಅವತ್ತ ಏನಾಗಿತ್ತೋ."

"ದಿನಾ ಬರ್ತೇತೇನು?"

"ಇಲ್ರಿ. ದಿನಾ ಬರೂ ನಾಯಿಗೋಳು ಬ್ಯಾರೇನ ಅದಾವ. ಇದು ಹದಿನೈದು ದಿವಸಕ್ಕೊಮ್ಮೆ ಬರೂದು. ಉಳಿದ ದಿವಸ ಎಲುಬು ಒಗದ್ರೂ ಮೂಸಂಗಿಲ್ಲ, ನವಾಬರ ಮನಿದರಂಗ ಮುಂದ ಹೋಗ್ತೇತಿ. ಹದಿನೈದು ದಿವಸಕ್ಕೊಮ್ಮೆ ಮಾತ್ರ ಹೊಟ್ಟಿ ಬೆನ್ನಿಗೆ ಹತ್ತಿರತೇತಿ."

"ಪಗಾರ ತಗೊಳ್ಳಾಕ ಬರ್ತೇತೋ ಏನೋ," ದಿಲಾವರ ನಕ್ಕ.

ಮಾಹೀರಾ ನಗಲಿಲ್ಲ. ಹದಿನೈದು ದಿವಸದ ಆ ಮಾತು ಅವಳ ಮನಸ್ಸಿನಲ್ಲಿ ಎಲ್ಲೋ ಹೋಗಿ ಕುಳಿತಿತು.

ಗುರುರಾಜನ ಓಣಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಾಯಿ ಓಣಿಯದ್ದು ಎಂದರು. ಅವನ ಹೆಂಡತಿ ಶ್ರೀವಿದ್ಯಾ ಇದ್ದಾಗ ಅದರ ಕೊರಳಲ್ಲಿ ಕೆಂಪು ಪಟ್ಟಿ ಇತ್ತು ಎಂದು ಒಬ್ಬ ಹೆಂಗಸು ಹೇಳಿದಳು. ಅವಳು ತೀರಿ ಎರಡು ವರ್ಷ. ಪಟ್ಟಿಯೂ ಆಗಲೇ ಹೋಯಿತು.

ಮಧ್ಯಾಹ್ನ ಒಂದೂವರೆಗೆ ಅವರು ಆ ಮನೆಯ ಕದ ತಟ್ಟಿದರು. ತೆರೆದವನು ಗುರುರಾಜ. ನಲವತ್ತರ ಒಳಗಿನವನು, ರಸಾಯನಶಾಸ್ತ್ರದ ಉಪನ್ಯಾಸಕ. ಬಾಗಿಲಿನಾಚೆ ಇರುವುದೆಲ್ಲ ಗಾಜಿನ ಹಿಂದೆ ಇದೆಯೇನೋ ಎಂಬಂತೆ ನೋಡುತ್ತಿದ್ದ. ಹಿಂದೆ ಅವನ ತಾಯಿ ಕೃಷ್ಣಾಬಾಯಿ.

"ಬರ್ರಿ, ಕೂಡ್ರಿ," ಕೃಷ್ಣಾಬಾಯಿ ಚಾಪೆ ಹಾಸಿದಳು. "ಬಾಯಿಗೆ ಏನೂ ಕೊಡ್ಲಿಕ್ಕೆ ಆಗೂದಿಲ್ಲ ಇವತ್ತು. ತಪ್ಪು ತಿಳೀಬ್ಯಾಡ್ರಿ."

"ಇರ್ಲಿ ಬಿಡ್ರಿ ಅಮ್ಮಾ. ನಾಯಿ ವಿಷಯಕ್ಕ ಬಂದೇವಿ."

"ಅದು ನನ್ನದಲ್ಲ," ಗುರುರಾಜ ಹೇಳಿದ. ಪ್ರಶ್ನೆ ಕೇಳುವ ಮೊದಲೇ.

"ನಿಮ್ಮ ಮನಿ ಮುಂದ ಮಲಗತೇತಂತ."

"ರಸ್ತಾ ಸರಕಾರದ್ದದ."

"ಊಟ ಹಾಕೋರು ಯಾರು?"

"ದೇವರು ಹಾಕ್ತಾನ."

"ಹೇಳಿಕೆ ಹಂಗ ಬರಕೋಲೇನ್ರಿ?"

"ಬರಕೋರಿ. ಅದು ನನ್ನದಲ್ಲ. ಸುಳ್ಳು ಹೇಳೂ ಮನಿ ಅಲ್ಲರಿ ಇದು."

ಅವನ ದನಿಯಲ್ಲಿ ಅಳುಕಿರಲಿಲ್ಲ. ಅದೇ ಮಾಹೀರಾಳಿಗೆ ವಿಚಿತ್ರವೆನಿಸಿತು. ಎಷ್ಟೋ ಸುಳ್ಳುಗಾರರನ್ನು ಕಂಡವಳು ಅವಳು. ಈ ಮನುಷ್ಯ ನಿಜವನ್ನೇ ಹೇಳುತ್ತಿರುವಂತೆ ಕಂಡ.

ಅವಳು ಸುತ್ತ ನೋಡಿದಳು. ಊಟದ ಹೊತ್ತು. ಆದರೂ ಒಗ್ಗರಣೆಯ ಚಟಪಟವಿಲ್ಲ, ಅನ್ನ ಬಸಿದ ಗಂಜಿಯ ವಾಸನೆಯಿಲ್ಲ. ಅಡುಗೆಮನೆಯ ಕಡೆಯಿಂದ ಬರೀ ತಣ್ಣನೆಯ ಗಾಳಿ ಬರುತ್ತಿತ್ತು. ಕೃಷ್ಣಾಬಾಯಿಯ ತುಟಿ ಒಣಗಿತ್ತು, ಮುಖ ಮಾತ್ರ ಶಾಂತವಾಗಿತ್ತು. ಈ ಮೌನ ಮಾಹೀರಾಳಿಗೆ ಗೊತ್ತಿತ್ತು. ರಂಜಾನಿನ ಮಧ್ಯಾಹ್ನಗಳಲ್ಲಿ ಬಂಕಾಪುರದ ಅವಳ ತವರುಮನೆಯೂ ಹೀಗೆಯೇ ನೀರಿನೊಳಗೆ ಇಳಿದಂತೆ ಇರುತ್ತಿತ್ತು.

"ಉಪಾಸ ಏನ್ರಿ ಅಮ್ಮಾ?"

"ಹೌದವಾ. ಏಕಾದಶಿ. ಒಲಿ ಹಚ್ಚೂದಿಲ್ಲ ನಮ್ಮನ್ಯಾಗ. ಯಾರಿಗೂ ಅನ್ನ ಇಲ್ಲ ಇವತ್ತು."

"ಯಾರಿಗೂ?"

"ಯಾರಿಗೂ."

ಜೀಪು ಹತ್ತಿದ ಮೇಲೆ ಮಾಹೀರಾ ಕೇಳಿದಳು. "ದಿಲಾವರ್, ಹಿಂದಿನ ಏಕಾದಶಿ ಯಾವತ್ತು?"

ದಿಲಾವರ ಫೋನಿನಲ್ಲಿ ಪಂಚಾಂಗ ತೆಗೆದು, ಬೆರಳು ಸರಿಸಿ, ತಲೆಯೆತ್ತಿದ. "ಒಂದನೇ ತಾರೀಖು ಮೇಡಂ. ಗುಲ್ನಾರಗ ಕಚ್ಚಿದ ದಿವಸ."

"ಹಂಗಂದ್ರ ಈಗ ಆ ನಾಯಿ ಎಲ್ಲೈತಿ?"

ದಿಲಾವರ ಗೇರ್ ಹಾಕಿದ. ಜೀಪು ತಿರುಗಿಸಿದ.

ಜಮಾಲಸಾಬನ ಅಂಗಡಿಯ ಮೆಟ್ಟಿಲ ಕೆಳಗೆ, ಬಿಸಿಲು ಬಿದ್ದ ಜಾಗದಲ್ಲಿ, ಕಂದು ನಾಯಿ ಒಂದು ಕಿವಿ ಬಾಗಿಸಿಕೊಂಡು ಕುಳಿತಿತ್ತು. ಯಾರನ್ನೂ ನೋಡುತ್ತಿರಲಿಲ್ಲ. ಬೇರೆ ನಾಯಿಗಳು ಕಚ್ಚಾಡುತ್ತಿದ್ದವು. ಇದು ಪಾಳಿಯಲ್ಲಿ ನಿಂತವರ ಹಾಗೆ ಕಾಯುತ್ತಿತ್ತು.

"ಇದು ಏಕಾದಶಿ ಮುರಿಯಾಕ ಬಂದೈತಿ ನೋಡ್ರಿ," ದಿಲಾವರ ಪಿಸುಗುಟ್ಟಿದ.

ಮಾಹೀರಾ ಫೋಟೊ ತೆಗೆಸಿದಳು. ಹಿಡಿಯಲು ಬಿಡಲಿಲ್ಲ. ಮಾರನೆಯ ದಿನ ದ್ವಾದಶಿ. ಸೂರ್ಯ ಹುಟ್ಟುತ್ತಲೇ ಆ ಮನೆಯಲ್ಲಿ ಉಪವಾಸ ಬಿಡುವ ಪಾರಣೆ ನಡೆಯುತ್ತದೆಂದು ವಿಚಾರಿಸಿ ತಿಳಿದುಕೊಂಡಿದ್ದಳು.

ಡಿಸೆಂಬರ್ 16, ಬೆಳಿಗ್ಗೆ ಆರೂವರೆ. ಹಿತ್ತಲಿನ ಓಣಿಯಲ್ಲಿ ಮಂಜು ಹಾಲಿನಂತೆ ತುಂಬಿತ್ತು. ಹಾಲು ಮಾರುವ ಇಮ್ರಾನ ಮತ್ತು ಪಕ್ಕದ ಓಣಿಯ ದರ್ಜಿ ಪಂಚರಾಗಿ ಗೋಡೆಗೆ ಒರಗಿ ನಿಂತಿದ್ದರು. ಎಲ್ಲರ ಉಸಿರು ಬಿಳಿಯಾಗಿ ಮೇಲೇಳುತ್ತಿತ್ತು. ನಾಯಿ ಆಗಲೇ ಬಂದು ಹಿತ್ತಲ ಬಾಗಿಲಿಗೆ ಮುಖ ಮಾಡಿ ಕುಳಿತಿತ್ತು. ಒಳಗೆ ಗಂಟೆಯ ಸದ್ದು, ಆಮೇಲೆ ಪಾತ್ರೆಯ ಸದ್ದು. ನಾಯಿ ಎದ್ದು ನಿಂತಿತು. ಬಾಗಿಲು ತೆರೆಯಿತು.

ಗುರುರಾಜ ಒದ್ದೆ ಪಂಚೆಯಲ್ಲಿದ್ದ. ಕೈಯಲ್ಲಿ ಬಾಳೆಲೆಯ ತುಂಡು, ಅದರ ಮೇಲೆ ಹಬೆಯಾಡುವ ಅನ್ನ. ಕುಕ್ಕರಗಾಲಿನಲ್ಲಿ ಕುಳಿತು ಎಲೆಯನ್ನು ನೆಲಕ್ಕಿಟ್ಟ. ನಾಯಿ ಬಾಯಿ ಹಾಕಲಿಲ್ಲ. ಅವನ ಮುಖ ನೋಡುತ್ತ ನಿಂತಿತು.

"ಕೃಷ್ಣಾರ್ಪಣ," ಗುರುರಾಜ ಹೇಳಿದ.

ಆಗ ತಿನ್ನತೊಡಗಿತು.

ಮಾಹೀರಾ ಒಂದು ಗಳಿಗೆ ಹೆಜ್ಜೆ ಮುಂದಿಡಲಾರದೆ ನಿಂತಳು. ಮಂಜು ಅವರಿಬ್ಬರ ಸುತ್ತ ಮೆಲ್ಲಗೆ ಸರಿಯುತ್ತಿತ್ತು. ಆಮೇಲೆ ಮುಂದೆ ಬಂದಳು. ಗುರುರಾಜ ಓಡಲಿಲ್ಲ, ಬೆಚ್ಚಲೂ ಇಲ್ಲ.

"ಉಂಡು ಮುಗಸ್ಲಿ," ಎಂದಷ್ಟೇ ಹೇಳಿದ.

ಅದು ಉಂಡು ಮುಗಿಸುವವರೆಗೆ ಎಲ್ಲರೂ ಕಾದರು. ಪಂಚನಾಮೆ ಬರೆಯಲಾಯಿತು. ಏಳೂಕಾಲಿಗೆ ಗುರುರಾಜನನ್ನು ಬಂಧಿಸಲಾಯಿತು. ಕೃಷ್ಣಾಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಎಷ್ಟು ಸಲ ಹೇಳಿದೆ, ಮೂಕ ಪ್ರಾಣಿಗೆ ಅವತ್ತರೆ ಒಂದು ಹಿಡಿ ಅವಲಕ್ಕಿ ಹಾಕೋ ಅಂತ," ಅಂದಳು. "ನಮ್ಮ ಸೊಸಿ ಹೆಂಗ ಇಟ್ಟಿದ್ಲೋ ಹಂಗ ಇರ್ಬೇಕು ಅಂತಾನ. ಆಕಿ ಇದ್ದಾಗ ಏಕಾದಶಿಗೆ ಅದನ್ನ ಕಟ್ಟಿ ಹಾಕ್ತಿದ್ಲು, ಹಾಲು ಕುಡಸ್ತಿದ್ಲು. ಅದನ್ನ ಮಾತ್ರ ಮರತಾನ."

ಠಾಣೆಗೆ ಗುಲ್ನಾರಳನ್ನು ಕರೆಸಲಾಯಿತು. ಅವಳು ಫೋಟೊದಲ್ಲಿ ನಾಯಿಯನ್ನು ಗುರುತಿಸಿದಳು. ಗುರುರಾಜ ಅವಳ ಕೈಯನ್ನು ಅಂದೇ ಮೊದಲ ಸಲ ಸರಿಯಾಗಿ ನೋಡಿದ. ತುಂಬ ಹೊತ್ತು ನೋಡಿದ.

"ಎಲಿ ಎಣಸ್ತೇನ್ರಿ ನಾನು," ಗುಲ್ನಾರ ಹೇಳಿದಳು. "ಎಣಸ್ತಿದ್ದೆ."

"ಕೋರ್ಟು ಏನು ಹೇಳ್ತದೋ ಅದನ್ನ ಕೊಡ್ತೇನಿ," ಗುರುರಾಜ ತಲೆ ತಗ್ಗಿಸಿದ. "ನಾ ಅಲ್ಲ ಅನ್ನೂದಿಲ್ಲ."

"ಹಂಗಾರ ಮೊದಲ ಯಾಕ ಅಂದ್ರಿ?" ಗುಲ್ನಾರ ಕೇಳಿದಳು.

ಅವನು ಮಾಹೀರಾಳ ಕಡೆ ತಿರುಗಿದ. "ಸುಳ್ಳು ಹೇಳಿಲ್ರಿ ಮೇಡಂ. ಅದು ಶ್ರೀವಿದ್ಯಾನ ನಾಯಿ. ನನ್ನದು ಅಂದುಬಿಟ್ರ..." ಮೇಜಿನ ಅಂಚು ಹಿಡಿದು ಹೇಳಿದ: "ಆಕಿ ಬಿಟ್ಟು ಹೋದದ್ದು ಅಂತಾಗ್ತದ. ಆಕೀದ ಅಂತ ಇದ್ರ, ಆಕಿ ಎಲ್ಲೋ ಹೋಗ್ಯಾಳ, ಬರ್ತಾಳ ಅಂತ."

ಹೊರಗೆ ದಾವಲಬಿ ಯಾರಿಗೋ ಜೋರಾಗಿ ಏನೋ ಹೇಳುತ್ತಿದ್ದಳು.

"ತೀರಿಕೊಂಡವರನ್ನ ಮಾಲೀಕರು ಅಂತ ಬರಿಯಾಕ ಬರಂಗಿಲ್ರಿ," ಮಾಹೀರಾ ಮೆಲ್ಲಗೆ ಹೇಳಿದಳು.

"ಗೊತ್ತದರಿ."

ಅವನ ಹೇಳಿಕೆ ದಾಖಲಾಯಿತು. ಅಪರಾಧ ಜಾಮೀನು ಸಿಗುವಂಥದ್ದು. ಅದರ ಕಾಗದವೂ ಸಿದ್ಧವಾಯಿತು. ದಿಲಾವರ ಹೇಳಿಕೆಯನ್ನು ಅವನ ಮುಂದೆ ಸರಿಸಿದಾಗ ಗುರುರಾಜ ಕೇಳಿದ: "ಇದರಾಗ ಆಕಿ ಹೆಸರು ಎಲ್ಲೆರ ಬಂದದೇನ್ರಿ?"

"ಬಂದೈತ್ರಿ," ಮಾಹೀರಾ ಅಂದಳು. "ನಾಯಿ ಎಲ್ಲಿಂದ ಬಂತು ಅಂತ ಬರೀಬೇಕಲ್ರಿ."

ಗುರುರಾಜ ಬೆರಳಿಟ್ಟು ಆ ಸಾಲನ್ನು ಹುಡುಕಿದ. 'ಸದರಿ ನಾಯಿಯು ನನ್ನದಾಗಿದ್ದು, ಅದನ್ನು ನನ್ನ ದಿವಂಗತ ಪತ್ನಿ ಶ್ರೀವಿದ್ಯಾ ಇವಳು ತನ್ನ ತವರೂರು ಹಂಸಭಾವಿಯಿಂದ ಮರಿಯಿದ್ದಾಗ ತಂದಿರುತ್ತಾಳೆ.'

ಬೆರಳು 'ದಿವಂಗತ' ಎಂಬಲ್ಲಿ ನಿಂತಿತು. ಯಾರೂ ಅವಸರ ಮಾಡಲಿಲ್ಲ. ಎರಡು ವರ್ಷ ಅವನು ದಾಟದೇ ಬಿಟ್ಟ ಮಾತು ಅದು. ಆಮೇಲೆ ಬೆರಳು ಮುಂದೆ ಸರಿದು ಸಾಲಿನ ಕೊನೆ ಮುಟ್ಟಿತು. ಗುರುರಾಜ ಪೆನ್ನು ತೆಗೆದುಕೊಂಡು ಕೆಳಗೆ ಸಹಿ ಹಾಕಿದ.