ಕಳಿಸುವ ಪದ

"ಆ ಪದವ ದೊಣೆ ತಾವ ಹಾಡ್‌ಬ್ಯಾಡಿ ಮೇಷ್ಟ್ರೇ. ಹಾಡಿದ್ರೂ ಕಳ್ಸೋ ಪದ ಹೇಳ್ದೆ ಮೇಲೇಳ್‌ಬ್ಯಾಡಿ. ಹೆಸರಿಡ್ದು ಕರ್ದೋರ್ನ ಹೆಸರಿಡ್ದೇ ಕಳಿಸ್ಬೇಕು. ಇಲ್ದಿದ್ರೆ ಆ ಕಟ್ಟು ಕರ್ದೋರಿಗೇ ಸುತ್ಕೊಂತದೆ," ಎಂದಳು ಮುದ್ದೆ ಇಕ್ಕುತ್ತಿದ್ದ ಊಟದ ಮನೆಯ ಮುದುಕಿ ನರಸಿಂಹಮ್ಮ.

ಹಾರ್ಮೋನಿಯಂ ಮೇಷ್ಟ್ರು ಚನ್ನಮಲ್ಲಯ್ಯ ಗಹಗಹಿಸಿ ನಕ್ಕ. "ಅಲ್ಲಮ್ಮಾ, ಇಪ್ಪತ್ತು ವರ್ಷದಿಂದ ಊರೂರಲ್ಲಿ ದೇವಲೋಕದ ಹೆಣ್ಣುಗಳನ್ನ ಕುಣಿಸ್ತಾ ಇದೀನಿ. ಎಲ್ಲಾ ಮೀಸೆ ಬೋಳಿಸ್ಕೊಂಡ ಗಂಡಸ್ರೇ. ಒಬ್ಳಾದ್ರೂ ನಿಜವಾಗಿ ಬಂದಿದ್ರೆ ಕೇಳು!"

ಅದು ಐವತ್ತೇಳರ ಬೇಸಿಗೆ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಹಾದಿಯ ಆ ಹಳ್ಳಿಗೆ ಪೌರಾಣಿಕ ನಾಟಕ ಕಲಿಸಲು ಬಂದು ಅವನಿಗೆ ಎರಡು ತಿಂಗಳಾಗಿತ್ತು. ಊರಿಗೆಲ್ಲ ಅವನು ಬರೀ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ಶಿರಾದ ಮನೆಗೆ ಬೀಗ ಜಡಿದು ಹೊರಟವನು. ಸಂಜೆ ತಾಲೀಮಿಗೆ ಬಂದವರು ಪಾಠ ಒಪ್ಪಿಸಿ ಎದ್ದು ಹೋಗುತ್ತಿದ್ದರು. ಹಗಲೆಲ್ಲ ಮಾತಾಡಿಸಲು ಒಂದು ನರಪಿಳ್ಳೆಯೂ ಇರಲಿಲ್ಲ. ಒಂಟಿತನ ಪಾಪಿ, ಎಂಥ ಬುದ್ಧಿವಂತನ ಬುದ್ಧಿಯನ್ನೂ ಕೆಡಿಸುತ್ತದೆ.

ಆ ಪದ ಊರಿನ ಹಳೇ ನಾಟಕದ ಪುಸ್ತಕದಲ್ಲಿತ್ತು. ಗುಡ್ಡದ ಬಂಡೆಯ ನಡುವೆ ನೀರು ನಿಂತ ದೊಣೆಗೆ ಏಳು ಮಂದಿ ಅಕ್ಕತಂಗಿ ದೇವತೆಯರು, ಅಕ್ಕಮ್ಮಗಳು, ಸ್ನಾನಕ್ಕಿಳಿಯುತ್ತಾರೆಂದು ಊರವರ ನಂಬಿಕೆ. ಅವರಲ್ಲಿ ಕಿರಿಯವಳು ಮಂಜುಘೋಷೆ, ದೇವಲೋಕದಲ್ಲಿ ಕುಣಿಯುವವಳು. ಅವಳನ್ನು ಕಟ್ಟಿಹಾಕಲೆಂದೇ ಯಾವನೋ ಮಂತ್ರವಾದಿ ಮಾಡಿದ ಪದವಂತೆ ಅದು. ಕಳಿಸುವ ಪದವೂ ಅದರ ಕೆಳಗೇ ಇತ್ತು.

ಮರುದಿನ ಮಟಮಟ ಮಧ್ಯಾಹ್ನ ಚನ್ನಮಲ್ಲಯ್ಯ ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಗುಡ್ಡ ಹತ್ತಿದ. ಬಂಡೆ ಕಾದು ಹೆಂಚಾಗಿತ್ತು. ಒಂದು ಹಕ್ಕಿಯ ದನಿಯೂ ಇರಲಿಲ್ಲ. "ಬಾರೇ ಮಂಜುಘೋಷೆ" ಎಂದು ಹಾಡಿದ.

ಹಸಿ ಅರಿಶಿನದ ವಾಸನೆ ಬಂತು. ದೊಣೆಯ ನೀರು ಅಲುಗಿತು. ಒಣಬಂಡೆಯ ಮೇಲೆ ಒಂದು ಒದ್ದೆ ಹೆಜ್ಜೆ ಮೂಡಿತು, ಆಮೇಲೆ ಇನ್ನೊಂದು. ಅವನ ತಾಳಕ್ಕೆ ಸರಿಯಾಗಿ ಗೆಜ್ಜೆ ಕೇಳಿಸಿತು. ಚನ್ನಮಲ್ಲಯ್ಯನ ಕಣ್ಣಲ್ಲಿ ನೀರು ಬಂದದ್ದು ಹೆದರಿಕೆಯಿಂದಲ್ಲ. ಹೆಂಡತಿ ಹೋದ ಮೇಲೆ ಮೊದಲ ಸಲ ಅವನ ಹಾಡನ್ನು ಯಾರೋ ಕೊನೆಯವರೆಗೆ ಕೇಳಿದ್ದರು. ಕಳಿಸುವ ಪದ ಅವನ ಬಾಯಿಂದ ಹೊರಡಲೇ ಇಲ್ಲ.

ಎಂಟು ದಿನ ಹೀಗೇ ನಡೆಯಿತು. ಒಂಬತ್ತನೆಯ ದಿನ ಅವಳು ಕಂಡಳು. ದಣಿದ ಹುಡುಗಿ. ಅಂಗಾಲೆಲ್ಲ ಬೊಬ್ಬೆ ಒಡೆದು ಬಂಡೆಯ ಮೇಲೆ ನೆತ್ತರು. ಅವನು ಹಾಡು ನಿಲ್ಲಿಸಿದರೂ ಕಾಲು ನಿಲ್ಲಲಿಲ್ಲ. ಕರೆದ ದಿನದಿಂದ ಹಗಲೂ ರಾತ್ರಿ ನಿಂತಿರಲಿಲ್ಲ.

"ಕಳಿಸಿಬಿಡು," ಎಂದಳು.

ನಾಚಿಕೆಯಿಂದ ಅವನ ಮುಖ ಬಾಡಿತು. ಕಳಿಸುವ ಪದ ಎತ್ತಿಕೊಂಡ. ಇನ್ನೇನು ಅವಳ ಹೆಸರು ಬರಬೇಕು. ತಾಲೀಮಿನವರು ಎದ್ದುಹೋದ ಮೇಲಿನ ಖಾಲಿ ಚಾಪೆ ನೆನಪಾಯಿತು. ದನಿ ನಿಂತಿತು.

"ನೀನೂ ಹೋದ್ರೆ ನನಗ್ಯಾರಿದಾರೆ?"

ದೊಣೆ ಕಪ್ಪಾಯಿತು. ನೀರಿಂದ ಒಂದು ತಲೆ ಎದ್ದಿತು. ಎರಡು. ಆರು. ಒದ್ದೆ ಕೂದಲು. ರೆಪ್ಪೆ ಬಡಿಯದ ಕಣ್ಣು. ಅಕ್ಕಂದಿರು ತಂಗಿಯನ್ನು ಹುಡುಕಿಕೊಂಡು ಬಂದಿದ್ದರು. ಹಿರಿಯಳು ಬಾಗಿ ಕಿರಿಯಳ ಗೆಜ್ಜೆ ಬಿಚ್ಚಿದಳು. ಅವನ ಕಾಲಿಗೆ ಕಟ್ಟಿದಳು. "ಬಾರೋ ಚನ್ನಮಲ್ಲಯ್ಯ" ಎಂದು ಒಮ್ಮೆ ಹಾಡಿದಳು.

ಏಳೂ ಜನ ಮುಳುಗಿದರು. ಅವನ ಕಾಲು ಎದ್ದಿತು. ಬಿದ್ದಿತು. ಮತ್ತೆ ಎದ್ದಿತು. ಬಂಡೆ ಸುಟ್ಟಿತು. ನಿಲ್ಲಲಾಗಲಿಲ್ಲ.

ಹೊತ್ತು ವಾಲಿದಾಗ ಮಜ್ಜಿಗೆ ಹಿಡಿದು ನರಸಿಂಹಮ್ಮ ಹುಡುಕಿಕೊಂಡು ಬಂದಳು. ಅವಳಿಗೆ ಕಂಡದ್ದು ಬರೀ ಹಾರ್ಮೋನಿಯಂ, ಬಂಡೆಯ ಮೇಲೆ ತಾನಾಗಿ ಮೂಡುತ್ತಿದ್ದ ಗಂಡಸಿನ ಹೆಜ್ಜೆ. ಚೊಂಬು ಕೈಜಾರಿತು. ಆದರೂ ಮುದುಕಿ ಗಟ್ಟಿಗಿತ್ತಿ. ಕೈಮುಗಿದು ಕಳಿಸುವ ಪದ ಶುರುಮಾಡಿದಳು. ಹೆಸರು ಬರಬೇಕಾದ ಕಡೆ ತಡವರಿಸಿ ನಿಂತಳು.

"ಮೇಷ್ಟ್ರೇ... ನಿಮ್ಮ ಹೆಸರೇನಪ್ಪಾ?"

ಅವನು ಗಂಟಲು ಹರಿಯುವಂತೆ ಕಿರುಚಿದ. ಗೆಜ್ಜೆಯ ಸದ್ದು ಮಾತ್ರ ಬಂತು.

ಅವಳು ಎದ್ದುಬಿದ್ದು ಊರಿಗೆ ಓಡಿದಳು. ಕುಣಿಯುತ್ತಲೇ ಅವನು ಗುಡ್ಡದ ಮೇಲಿನಿಂದ ನೋಡುತ್ತಿದ್ದ. ಅವಳು ಮನೆಮನೆಯ ಬಾಗಿಲು ತಟ್ಟಿ ಕೇಳುತ್ತಿದ್ದಳು. ಒಬ್ಬೊಬ್ಬರೂ ಹೊರಗೆ ಬಂದು, ಗೊತ್ತಿಲ್ಲವೆಂದು ತಲೆಯಾಡಿಸುತ್ತಿದ್ದರು.